ಹತ್ತು ದಿನದ ಮಾತ್ರೆ

ಮೊನ್ನೆ ವಿಜಯನಗರದ ಮೆಡಿಕಲ್ ಶಾಪಿನಲ್ಲಿ ನನ್ನ ಬಿ.ಪಿ. ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ ಕೊಟ್ಟರು. ಆ ಸದ್ದಿಗೆ ನಾವು ಮೊದಲಿದ್ದ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುತ್ತಿದ್ದ ಮೇಡಂ ನೆನಪಾದರು...

ಆಗ ನನ್ನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಫಿಟ್ಸ್ ಬರುತ್ತಿತ್ತು. ತಿಂಗಳಿಗೊಮ್ಮೆ ಹೋಗಿ ಮಾತ್ರೆ ತರುತ್ತಿದ್ದೆ. ಒಂದು ಸಲ ಸರಬರಾಜು ನಿಂತುಹೋಯಿತು, ಹೊರಗಿನ ಅಂಗಡಿಗಳಲ್ಲೂ ಸಿಗಲಿಲ್ಲ. ಮೇಡಂ ಹತ್ತು ದಿನಕ್ಕಾಗುವಷ್ಟೇ ಕತ್ತರಿಸಿ ಕೊಟ್ಟರು. ಡಬ್ಬದಲ್ಲಿ ಇನ್ನೂ ಇದ್ದದ್ದು ನನಗೆ ಕಾಣುತ್ತಿತ್ತು.

"ಇಟ್ಕೊಂಡೂ ಇಷ್ಟೇ ಕೊಡ್ತೀರಲ್ಲ ಮೇಡಂ," ಎಂದೆ.

ಅವರು ಸಿಟ್ಟಾಗಲಿಲ್ಲ. "ನಿಮಗೆ ತಿಂಗಳಿಂದು ಕೊಟ್ರೆ ಹಿಂದೆ ನಿಂತಿರೋ ಇಬ್ಬರು ಬರಿಗೈಲಿ ಹೋಗ್ಬೇಕಾಗುತ್ತೆ. ಹತ್ತು ದಿನ ಬಿಟ್ಟು ಬನ್ನಿ, ತರಿಸಿರ್ತೀನಿ. ಮಗೂಗೆ ಒಂದು ದಿನಾನೂ ತಪ್ಪಿಸ್ಬೇಡಿ."

ಹೇಳಿದಂತೆ ನಡೆದುಕೊಂಡರು. ಕೆಂಗೇರಿ, ನಾಯಂಡಹಳ್ಳಿ ಕಡೆಯ ಕೇಂದ್ರಗಳಿಗೆ ಫೋನ್ ಮಾಡಿ, ಅಲ್ಲಿ ಮಿಕ್ಕಿದ್ದನ್ನು ಸಹಿ ಹಾಕಿ ಪಡೆದು, ತಾವೇ ಬಸ್ಸಿನಲ್ಲಿ ತರುತ್ತಿದ್ದರು.

ಅದೇ ಮಾತ್ರೆಗೆ ಕೆಂಗೇರಿ ಹತ್ತಿರದ ಉಲ್ಲಾಳದಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಮನೆಗೆಲಸ ಮಾಡುವವಳು. ಒಮ್ಮೆ ಅವಳು ಬರಲಿಲ್ಲ. ಮೇಡಂ ಎರಡು ದಿನ ಕಾದು, ಮೂರನೆಯ ದಿನ ಹುಡುಕಿಕೊಂಡು ಹೋದರಂತೆ. ಹತ್ತು ದಿನಕ್ಕೊಮ್ಮೆ ರಜೆ ಸಿಗದೆ ಅವಳು ಮಾತ್ರೆಯನ್ನೇ ಬಿಟ್ಟಿದ್ದಳು. ಒಲೆಯ ಮುಂದೆ ಫಿಟ್ಸ್ ಬಂದು ಬಲಗೈ ಸುಟ್ಟಿತ್ತು.

ಇದನ್ನು ನನಗೆ ಹೇಳುವಾಗ ಮೇಡಂ ಕತ್ತರಿ ಕೆಳಗಿಟ್ಟರು. "ಎಲ್ರಿಗೂ ಸಮ ಹಂಚಿದೀನಿ ಅಂದ್ಕೊಂಡಿದ್ದೆ. ಬರೋಕಾಗುತ್ತಾ ಅಂತ ಕೇಳ್ಲೇ ಇಲ್ಲ ನೋಡಿ..."

ಆಮೇಲೆ ಎಲ್ಲರನ್ನೂ ಕೇಳಿಯೇ ಕೊಡತೊಡಗಿದರು. ದೂರದವರಿಗೆ ಇಪ್ಪತ್ತು ದಿನದ್ದು. ಕೇಂದ್ರದ ಹಿಂದಿನ ರಸ್ತೆಯಲ್ಲೇ ಇದ್ದ ನನಗೆ ಐದೇ ದಿನದ್ದು. ಈ ಸಲ ಡಬ್ಬದ ಕಡೆ ನೋಡದೆ ತೆಗೆದುಕೊಂಡು ಬಂದೆ. ಕೈ ವಾಸಿಯಾಗುವವರೆಗೆ ಉಲ್ಲಾಳದವಳ ಮಾತ್ರೆಯನ್ನು ಡ್ಯೂಟಿ ಮುಗಿಸಿ ತಾವೇ ತಲುಪಿಸಿ ಬರುತ್ತಿದ್ದರು. ಮೂರು ತಿಂಗಳಿಗೆ ಸರಬರಾಜು ಸರಿಹೋಯಿತು. ಅಷ್ಟೂ ದಿನ ನನ್ನ ಮಗಳಿಗೆ ಒಂದು ಹೊತ್ತೂ ತಪ್ಪಿರಲಿಲ್ಲ.

ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ಫಿಟ್ಸ್ ಬಂದು ವರ್ಷಗಳಾದವು. ಮೇಡಂ ನಿವೃತ್ತರಾದ ಮೇಲೆ ನಾನು ಅವರನ್ನು ನೋಡಲಿಲ್ಲ... ನಿನ್ನೆ ಕೇಂದ್ರಕ್ಕೆ ಹೋಗಿ ವಿಚಾರಿಸಿದೆ. ಹೋದ ವರ್ಷವೇ ತೀರಿಕೊಂಡರು ಎಂದು ನರ್ಸ್ ಹೇಳಿದರು. ಉಲ್ಲಾಳದ ಆ ಹೆಂಗಸು ಬಂದು, ಮಣ್ಣು ಮಾಡುವವರೆಗೂ ಇದ್ದಳಂತೆ. ನನಗೆ ತಿಳಿಸೋಣವೆಂದರೆ ಮೇಡಂ ಮನೆಯವರ ಬಳಿ ನನ್ನ ನಂಬರ್ ಇರಲಿಲ್ಲವಂತೆ. ನಾನು ಕೊಟ್ಟೇ ಇರಲಿಲ್ಲ.