ಆಯುಧಪೂಜೆಗೆ ನಿಲ್ಲಿಸಿದ ಯಂತ್ರ

ಶೀಳನೆರೆಯ ಹಾಲಿನ ಡೈರಿಯಲ್ಲಿ ಸಗಣಿ ಗ್ಯಾಸಿನಿಂದ ಕರೆಂಟು ಮಾಡುವ ಫ್ಯೂಯಲ್ ಸೆಲ್ ಯಂತ್ರವನ್ನು ನೋಡಿಕೊಳ್ಳುವವನು ಬೋರಯ್ಯ. ಅದರೊಳಗಿನ ಪಿಂಗಾಣಿ ಬಿಲ್ಲೆಗಳು ಕುಲುಮೆಯಂತೆ ಸದಾ ಕಾದಿರಬೇಕು. ಮೊದಲ ವರ್ಷ ಆಯುಧಪೂಜೆ ಬಂದಾಗ, ಟ್ರಾಕ್ಟರು ನಿಲ್ಲಿಸಿ ತೊಳೆಯುವಂತೆ ಅದನ್ನೂ ತೊಳೆಯಬೇಕೆಂದು ಥಟ್ಟನೆ ಆರಿಸಿಬಿಟ್ಟ. ಒಮ್ಮೆಲೇ ತಣಿದ ಬಿಲ್ಲೆಗಳು ಬಿರುಕು ಬಿಟ್ಟವು. ಅಂದು ಕಂಬದ ಕರೆಂಟೂ ಇರಲಿಲ್ಲ. ತಂಪು ಮಾಡಲಾಗದೆ ಊರವರ ಹಾಲೆಲ್ಲ ಕೆಟ್ಟು ಮೋರಿಗೆ ಹೋಯಿತು.

ಡೈರಿಯ ಕಾರ್ಯದರ್ಶಿ ಪ್ರಮೀಳಾ ಹೊಸ ಬಿಲ್ಲೆ ಹಾಕಿಸಿದ ದಿನ ಬೋರಯ್ಯ ಯಂತ್ರದ ಮನೆಯ ಬೀಗದ ಕೈ ಅವಳ ಮುಂದಿಟ್ಟ.

"ನನ್ ಕೈಲಿ ಬ್ಯಾಡ ಕಣವ್ವ, ಬೇರೇರ್ಗೆ ಕೊಡು."

ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ ಮುದುಕಿ ಮಾಯಮ್ಮ ಗದರಿದಳು: "ಬೇರೇವ್ನು ಬಂದ್ರೆ ಅವ್ನೂ ಒಂದ್ಸಲ ಆರುಸ್ಬುಟ್ಟೇ ಕಲೀಬೇಕು. ನಿಂಗಾದ್ರೆ ಬುದ್ಧಿ ಬಂದದೆ. ಮಡೀಕೊ ಕಣ್ಲಾ!"

ಬೋರಯ್ಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಶಾಖ ಎಷ್ಟಿದೆಯೆಂದು ನೋಡಲು ಒಳಗೆ ನಡೆದ.