ಪ್ಲಾಸ್ಟರ್ ಆರುವವರೆಗೆ ಹಿಡಿದ ಕೈ

ಗೆರ್ಲಿಂಡೆ ಬೀಟ್ಸರ್ ತನ್ನ ಪ್ರಾಣಿಗಳನ್ನು ಮಾಡುತ್ತಿದ್ದದ್ದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ಸಾಕುಪ್ರಾಣಿಗಳಲ್ಲ, ಕೋಟ್ಯಂತರ ವರ್ಷದ ಹಿಂದೆ ಸತ್ತು ಕಲ್ಲಾದವುಗಳ ಗೊಂಬೆಗಳು. ಒದ್ದೆ ಬೆಡ್‌ಶೀಟಿನ ಹಿಂದಿನಿಂದ ಯಾವುದೋ ರಾಕ್ಷಸ ಹಲ್ಲು ಕಿರಿಯುತ್ತದೆಂದು ಮೂರನೇ ಮಹಡಿಯವಳು ಗೊಣಗುತ್ತಿದ್ದಳು. ಮೆಟ್ಟಿಲು ಗುಡಿಸುವ ತನ್ನ ಸರದಿಯ ವಾರ ಗೆರ್ಲಿಂಡೆ ಅವಳ ಪಾಲಿನದನ್ನೂ ಗುಡಿಸಿ ಬಾಯಿ ಮುಚ್ಚಿಸುತ್ತಿದ್ದಳು.

ನಾನು ಟ್ರೌಡೆಲ್, ಎದುರು ಬಾಗಿಲಿನವಳು. ಊರಿನ ಮೌತ್ ಆರ್ಗನ್ ಕಾರ್ಖಾನೆಯಲ್ಲಿ ನಾವಿಬ್ಬರೂ ಇಪ್ಪತ್ತಾರು ವರ್ಷ ಒಂದೇ ಮೇಜಿಗೆ ಕೂತು ಶ್ರುತಿ ಕೂಡಿಸಿದವರು. ನನಗೆ ಈ ಪ್ರಾಣಿಗಳ ತಲೆಬುಡ ತಿಳಿಯದು. ಆದರೆ ಅವಳು ಕೋಳಿಗೂಡಿನ ಜಾಲರಿಯನ್ನು ಬಗ್ಗಿಸಿ, ಹಳೆ ಪೇಪರ್ ಅಂಟಿಸಿ, ಮೇಲೆ ಪ್ಲಾಸ್ಟರ್ ಬಳಿದು, ಹಸಿ ಇರುವಾಗಲೇ ಕಿತ್ತಳೆ ಹಣ್ಣಿನ ಬಲೆಚೀಲವನ್ನು ಒತ್ತಿ ಚರ್ಮದ ಗೆರೆ ಮೂಡಿಸುವುದನ್ನು ನೋಡುತ್ತ ಕೂತರೆ ನನ್ನ ಕಾಫಿ ಆರಿಹೋಗುತ್ತಿತ್ತು.

ಪ್ರತಿ ಭಾನುವಾರ ಎಗೊನ್ ಕ್ನೌಸ್ ಬರುತ್ತಿದ್ದ. ಅಂಚೆ ಕಚೇರಿಯಿಂದ ನಿವೃತ್ತನಾದವನು, ಇಂಥ ಪ್ರಾಣಿ ಮಾಡುವ ಹವ್ಯಾಸಿಗಳ ಸಂಘದ ಕಾರ್ಯದರ್ಶಿ. ತಾನೂ ಪ್ರಾಣಿ ಮಾಡುತ್ತಿದ್ದ, ಅಂಗೈಯಗಲದವು, ಅಚ್ಚುಕಟ್ಟಾದವು, ಜೀವವಿಲ್ಲದವು. ಅವನ ಬಂಡವಾಳ ಬೇರೆ ಇತ್ತು. ಇಡೀ ಸಂಘದಲ್ಲಿ ಇಂಗ್ಲಿಷ್ ಓದಬಲ್ಲವನು ಅವನೊಬ್ಬನೇ. ವಿಜ್ಞಾನಿಗಳು ಹೊಸದಾಗಿ ಏನು ಕಂಡುಹಿಡಿದರೂ ಗೆರ್ಲಿಂಡೆಗೆ ಅದು ಗೊತ್ತಾಗುತ್ತಿದ್ದದ್ದು ಅವನ ಬಾಯಿಂದ. "ಎಗೊನ್ ಹೇಳಿದ ಅಂದ್ರೆ ಮುಗೀತು ಕಣೇ," ಎನ್ನುತ್ತಿದ್ದಳು. ಮೂವತ್ತೊಂದು ವರ್ಷದ ಸ್ನೇಹ. ನಾನೇ ಆ ಮಹರಾಯನಿಗೆ ಎಷ್ಟು ಪ್ಲಮ್ ಕೇಕ್ ಬಡಿಸಿದ್ದೇನೋ!

ಹೊಸ ಪುರಭವನದ ಮುಂಗೋಣೆಯಲ್ಲಿ ನಿಲ್ಲಿಸಲು ಒಂದು ಪ್ಲಾಟಿಯೊಸಾರಸ್ ಬೇಕೆಂದು ಊರಿನವರು ಸಂಘವನ್ನು ಕೇಳಿದರು. ನಮ್ಮ ಗುಡ್ಡದ ಕೆಂಪು ಜೇಡಿಯಲ್ಲೇ ಎಲುಬು ಸಿಕ್ಕಿದ, ಉದ್ದ ಕೊರಳಿನ ಡೈನೊಸಾರ್ ಅದು. ಸಂಘ ಗೆರ್ಲಿಂಡೆಯನ್ನು ಆರಿಸಿತು. ಅವತ್ತು ಅವಳು ನನ್ನ ಅಡುಗೆಮನೆಗೆ ಬಂದು ಅತ್ತುಬಿಟ್ಟಳು. "ಟ್ರೌಡೆಲ್, ಕೆಳಗಡೆ ನನ್ನ ಹೆಸರು ಬರೀತಾರಂತೆ. ನನ್ನ ಹೆಸರು ಸಂಬಳದ ಚೀಟಿ ಬಿಟ್ಟು ಇನ್ನೆಲ್ಲೂ ಬಂದಿಲ್ಲ ಕಣೇ."

ಮೂರು ಚಳಿಗಾಲ ದುಡಿದಳು. ಮೂಗಿನಿಂದ ಬಾಲದ ತುದಿಗೆ ಮೂರೂವರೆ ಮೀಟರ್. ತನ್ನ ಹಳೆಯ ಪುಸ್ತಕದಲ್ಲಿದ್ದಂತೆ ಅದನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಿದಳು. ಮುಂಗಾಲಿನ ಅಂಗೈಗಳನ್ನು ನೆಲಕ್ಕೆ ಊರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಎರಡನೇ ಚಳಿಗಾಲದ ಒಂದು ಭಾನುವಾರ, ಪ್ಲಾಸ್ಟರ್ ಬಿಗಿಯುವ ತನಕ ಎಗೊನ್ ಮಂಡಿಯೂರಿ ಆ ಎರಡು ಅಂಗೈಗಳನ್ನು ಒತ್ತಿ ಹಿಡಿದಿದ್ದ. ನಾನು ಬಾಗಿಲಲ್ಲೇ ನಿಂತಿದ್ದೆ.

"ಎಗೊನ್, ಸರಿಯಾಗಿದೆ ತಾನೇ ಇದು? ಕೈ ಹಿಂಗೇ ಇರ್ತಿತ್ತು ತಾನೇ?" ಎಂದು ಅವಳು ಕೇಳಿದಳು.

"ಹಿಂಗೇ. ನೀನು ಸುಮ್ನೆ ಅಲ್ಲಾಡಿಸ್ಬೇಡ," ಎಂದ.

ಅನಾವರಣದ ದಿನ ಮುಂಗೋಣೆ ತುಂಬಿತ್ತು. ಗೆರ್ಲಿಂಡೆ ನೀಲಿ ಉಡುಪು ತೊಟ್ಟಿದ್ದಳು. ಪ್ರಾಣಿಯ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದಾಗ ಬಿದ್ದ ಚಪ್ಪಾಳೆಗೆ ಅವಳ ಕಿವಿ ಕೆಂಪಾಯಿತು. ಆಮೇಲೆ ಸಂಘದ ಪರವಾಗಿ ಎರಡು ಮಾತಾಡಲು ಎಗೊನ್ ಎದ್ದ.

"ನಮ್ಮ ಗೆರ್ಲಿಂಡೆ ಕೆಲಸ ಚೆನ್ನಾಗೇ ಇದೆ," ಎಂದ. "ಆದ್ರೆ ಒಂದು ಮಾತು ಹೇಳ್ಲೇಬೇಕು. ಈ ಪ್ರಾಣಿಗೆ ಅಂಗೈ ನೆಲಕ್ಕೆ ತಿರುಗಿಸೋಕೇ ಆಗ್ತಿರ್ಲಿಲ್ಲ. ಎರಡೇ ಕಾಲಲ್ಲಿ ನಡೀತಿತ್ತು. ನಾನು ಎರಡು ವರ್ಷದ ಹಿಂದೇನೇ ಇಂಗ್ಲಿಷಲ್ಲಿ ಓದಿದ್ದೆ." ಜೇಬಿನಿಂದ ತನ್ನ ಪುಟ್ಟ ಗೊಂಬೆ ತೆಗೆದು ಎತ್ತಿ ಹಿಡಿದ. ಎರಡು ಕಾಲಿನ ಮೇಲೆ ನಿಂತಿತ್ತು, ಅಂಗೈಗಳು ಒಂದಕ್ಕೊಂದು ಎದುರಾಗಿದ್ದವು. "ನಿಜವಾದದ್ದು ಹೀಗಿತ್ತು."

ಯಾರೋ ನಕ್ಕರು. ಮೇಯರ್ ಒಳ್ಳೆಯ ಮನುಷ್ಯ, ಗಾಬರಿಯಾಗಿ, ಹಾಗಿದ್ದರೆ 'ಹಳೆಯ ತಪ್ಪು ಕಲ್ಪನೆ' ಎಂದು ಒಂದು ಫಲಕ ಹಾಕಿಸಿಬಿಡೋಣವೆಂದ. ಗೆರ್ಲಿಂಡೆಯ ಹೆಸರಿನ ಪಕ್ಕದಲ್ಲೇ!

ಎರಡು ವರ್ಷದ ಹಿಂದೆ! ಅಂದರೆ ಹಿಂದಿನ ವರ್ಷ ಆ ಅಂಗೈಗಳನ್ನು ಹಿಡಿಯುವ ಮೊದಲೇ ಅವನಿಗೆ ಗೊತ್ತಿತ್ತು. ನನಗೆ ಹೊಳೆದದ್ದು ಅವಳಿಗೂ ಆಗಲೇ ಹೊಳೆದಿತ್ತು. ಮುಖ ಸುಣ್ಣ ಬಳಿದಂತಾಗಿತ್ತು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ಇವನು ಜಂತೆಯನ್ನೇ ಕಿತ್ತುಕೊಂಡು ಹೋದ.

ಹೊರಗೆ ಅವಳು ಅವನನ್ನು ನಿಲ್ಲಿಸಿದಳು. "ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಕೇಳಿದ್ಲು ಕಣೋ, ದರಿದ್ರದವನೇ!" ಎಂದು ನಾನೇ ಕೂಗಿದೆ. "ನನ್ನ ಕಿವಿಯಾರೆ ಕೇಳಿದೀನಿ!"

ಅವನು ಟೋಪಿ ಸರಿಮಾಡಿಕೊಂಡ. "ಸಂಘಕ್ಕೆ ಎಲ್ಲ ವರ್ಷಾನೂ ಅವಳದೇ, ಎಲ್ಲ ಸಲಾನೂ ಅವಳದೇ ಬೇಕು," ಎಂದ. ಅಷ್ಟೇ. ಹೊಟ್ಟೆಕಿಚ್ಚು ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಗೆರ್ಲಿಂಡೆ ಫಲಕಕ್ಕೆ ಒಪ್ಪಲಿಲ್ಲ. ಪ್ರಾಣಿಯನ್ನು ಮೂರು ತುಂಡಾಗಿ ಬಿಚ್ಚಿಸಿ ಮನೆಗೆ ತರಿಸಿದಳು. ಮುಂಗೋಣೆಯಲ್ಲಿ ಈಗ ಎರಡು ಹೂಕುಂಡಗಳಿವೆ.

ಮುಂದಿನ ಭಾನುವಾರ ಮಧ್ಯಾಹ್ನ, ಸರಿಯಾಗಿ ಕಾಫಿ ಹೊತ್ತಿಗೆ, ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಹಿಡಿದು ನನ್ನ ಬಾಗಿಲು ತಟ್ಟಿದಳು. "ಜೊತೆಗೆ ಬಾ," ಎಂದಳು. ಎಗೊನ್‌ನ ಮನೆಗೆ ನಡೆದೆವು. ಅವನು ಬಾಗಿಲು ತೆರೆದು, ಪಾಪ, ಕ್ಷಮಿಸಿದಳೆಂದೇ ತಿಳಿದ. ಕಾಫಿ ಇಡಲೇ ಎಂದ.

ಅವಳು ಪೊಟ್ಟಣ ಬಿಚ್ಚಿ ಅವನ ಕೈಗಿಟ್ಟಳು. ಮಣಿಕಟ್ಟಿಗೆ ಗರಗಸ ಹಾಕಿ ಕೊಯ್ದ ಎರಡು ಪ್ಲಾಸ್ಟರ್ ಅಂಗೈಗಳು.

"ಅವತ್ತು ಅಷ್ಟು ಹೊತ್ತು ಹಿಡ್ಕೊಂಡಿದ್ರಿ. ಇನ್ಮೇಲೂ ನೀವೇ ಹಿಡ್ಕೊಂಡಿರಿ, ಕ್ನೌಸ್ ಅವರೇ," ಎಂದಳು. ಮೂವತ್ತೊಂದು ವರ್ಷ ಅವನನ್ನು ಹೆಸರು ಹಿಡಿದು ಕರೆದವಳು.

ನನ್ನ ಹೊಟ್ಟೆ ತಣ್ಣಗಾಗಿತ್ತು, ಸುಳ್ಳೇಕೆ ಹೇಳಲಿ. ಬರುವ ದಾರಿಯಲ್ಲಿ, ಬೇಕರಿಯ ಹತ್ತಿರ, ಇನ್ನೂ ನಾಲ್ಕು ಮಾತು ಅವನಿಗೆ ಬಯ್ಯೋಣವೆಂದು ಬಾಯಿ ತೆರೆದೆ. ಗೆರ್ಲಿಂಡೆ ನಿಂತು, ನನ್ನ ಮುಖ ನೋಡಿದಳು.

"ಟ್ರೌಡೆಲ್, ನಿನಗೇನೂ ಗೊತ್ತಿರ್ಲಿಲ್ಲ ತಾನೇ?"

ನನ್ನನ್ನೇ! ಇಪ್ಪತ್ತಾರು ವರ್ಷ ಒಂದೇ ಮೇಜಿನಲ್ಲಿ ಕೂತವಳನ್ನು! ಇಲ್ಲ ಕಣೇ, ನಿನ್ನಾಣೆಗೂ ಇಲ್ಲ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಈಗ ಬಟ್ಟೆ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡುತ್ತಾಳೆ. ಕಾಫಿ ತೆಗೆದುಕೊಂಡು ಹೋದರೆ ಹೊರಗೇ ಇಟ್ಟುಹೋಗು ಎನ್ನುತ್ತಾಳೆ.