ಫೋಟೋ ಮೋನಪ್ಪನ ಮುಖ

ಕೋವಿಡ್ ಬರುವ ಹಿಂದಿನ ವರ್ಷ ನಾನು ಯಾದಗಿರಿಯಲ್ಲಿದ್ದೆ. ಕಲಾವಿದರ ಕೋಶವೊಂದರ ಜಿಲ್ಲಾ ಸಂಪುಟಕ್ಕೆ ಕ್ಷೇತ್ರ ಸಂಶೋಧಕಿ ಎಂಬುದು ನನ್ನ ಹುದ್ದೆ. ಹೆಸರು ದೊಡ್ಡದು, ಕೆಲಸ ಮಾತ್ರ ಮನೆ ಮನೆಗೆ ಹೋಗಿ ಚಹಾ ಕುಡಿದು ಗೋಡೆ ನೋಡುವುದು. ಒಬ್ಬ ಕಲಾವಿದನಿಗೆ ಅರ್ಧ ಪುಟ. ಅದರಲ್ಲಿ ಊರು, ಕೃತಿಗಳು ಮತ್ತು ಕಡ್ಡಾಯವಾಗಿ ಆತನದೊಂದು ಭಾವಚಿತ್ರ. ಭಾವಚಿತ್ರ ಸಿಗದವರ ಹೆಸರನ್ನು ಸಂಪಾದಕರು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕುತ್ತಿದ್ದರು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಎಂದು ನಾನೂ ಸುಮ್ಮನಿದ್ದೆ.

ಮೋನಪ್ಪನ ಹೆಸರು ಮೊದಲು ಕಿವಿಗೆ ಬಿದ್ದದ್ದು ಶಹಾಪುರದಲ್ಲಿ, ಶರಣಪ್ಪ ಎಂಬ ಕಿರಾಣಿ ವ್ಯಾಪಾರಿಯ ಮನೆಯಲ್ಲಿ. ನಡುಮನೆಯ ಗೋಡೆಯ ಮೇಲೆ ಅವರ ತಾಯಿಯ ಜಲವರ್ಣ ಚಿತ್ರವಿತ್ತು. ದಪ್ಪ ಕಾಗದ, ಹಳೆಯ ಗಾಜು, ಹಣೆಯ ವಿಭೂತಿಯ ಗೆರೆಗಳು ಈಗಷ್ಟೇ ಹಚ್ಚಿದಂತಿದ್ದವು. ಬರೆದವರ ರುಜು ಎಲ್ಲೂ ಇರಲಿಲ್ಲ. ಕೇಳಿದರೆ, ಸುರಪುರದ ಫೋಟೋ ಮೋನಪ್ಪ ಬರೆದದ್ದು ಎಂದರು. ಕ್ಯಾಮೆರಾ ಕೈಯಲ್ಲಿ ಹಿಡಿಯದ ಮನುಷ್ಯನಿಗೆ ಜನ ಕೊಟ್ಟ ಹೆಸರು ಅದು. ಸತ್ತವರ ಚಿತ್ರ ಗೋಡೆಗೆ ಬಿತ್ತೆಂದರೆ ಈ ಕಡೆ ಅದು ಫೋಟೋನೇ.

ಅವನು ಕೆಲಸ ಮಾಡುತ್ತಿದ್ದ ರೀತಿಯನ್ನು ಶರಣಪ್ಪನವರೇ ವಿವರಿಸಿದರು. ಆ ಕಾಲಕ್ಕೆ ಸ್ಟುಡಿಯೋಗಳು ದೂರ, ಬದುಕಿದ್ದಾಗ ಫೋಟೋ ತೆಗೆಸಿದವರು ಕಡಿಮೆ. ಯಾರಾದರೂ ತೀರಿಕೊಂಡರೆ ಮೋನಪ್ಪನಿಗೆ ಹೇಳಿಕಳಿಸುತ್ತಿದ್ದರು. ಮಣ್ಣು ಮಾಡುವ ಮೊದಲು ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿರುತ್ತಾರಲ್ಲ, ಅದರ ಎದುರಿಗೆ ಕುಳಿತು ಪೆನ್ಸಿಲಿನಲ್ಲಿ ಮುಖ ಬರೆದುಕೊಳ್ಳುತ್ತಿದ್ದ. ತನ್ನ ಮನೆಗೆ ಹೋಗಿ ಬಣ್ಣ ತುಂಬುತ್ತಿದ್ದ. ಕಣ್ಣಿನ ಜಾಗ ಮಾತ್ರ ಖಾಲಿ ಬಿಡುತ್ತಿದ್ದ. ಸತ್ತವರ ಕಣ್ಣು ಮುಚ್ಚಿರುತ್ತವೆ, ಊಹಿಸಿ ಬರೆಯಲು ಅವನು ಒಪ್ಪುತ್ತಿರಲಿಲ್ಲ. ದಿನಕರ್ಮದ ಹೊತ್ತಿಗೆ ಚಿತ್ರ ತಂದು, ಸತ್ತವರ ಮಗನನ್ನೋ ಮಗಳನ್ನೋ ಎದುರಿಗೆ ಕೂಡಿಸಿಕೊಂಡು ಅವರ ಕಣ್ಣು ನೋಡಿ ಬರೆಯುತ್ತಿದ್ದ. ಊದಿನಕಡ್ಡಿ ಬೆಳಗುವ ಚಿತ್ರದಲ್ಲಿ ತನ್ನ ಹೆಸರು ಯಾಕೆಂದು ರುಜು ಹಾಕುತ್ತಿರಲಿಲ್ಲ.

"ನಮ್ಮವ್ವನ ಫೋಟೋದಾಗ ಇರೂವು ನನ್ನ ಕಣ್ಣರಿ ಮೇಡಂ," ಎಂದರು ಶರಣಪ್ಪ. "ಆಗ ನಾ ಸಣ್ಣಾಂವ. ನಾ ಮುದುಕ ಆದೆ, ಅವು ಆಗಲಿಲ್ಲ."

ಮತ್ತೊಮ್ಮೆ ನೋಡಿದೆ. ನಡುವಯಸ್ಸಿನ ಹೆಂಗಸಿನ ಮುಖದೊಳಗಿಂದ ಅಳು ನುಂಗಿಕೊಂಡ ಹುಡುಗನೊಬ್ಬ ನನ್ನನ್ನು ನೋಡುತ್ತಿದ್ದ. ಕೊಟ್ಟ ಚಹಾ ಆರಿಹೋಗಿತ್ತು, ಹಾಗೆಯೇ ಕುಡಿದು ಎದ್ದೆ.

ಸುರಪುರದ ರಂಗಂಪೇಟೆಯಲ್ಲಿ ಮೋನಪ್ಪನ ಮಗಳಿದ್ದಳು. ಗಂಗವ್ವ, ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅವಳು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಜ್ವರ ಬಂದು ಸತ್ತಿದ್ದ. ಅವನ ಮುಖ ಬರೆಯಲು ಊರಲ್ಲಿ ಇನ್ನೊಬ್ಬ ಮೋನಪ್ಪ ಇರಲಿಲ್ಲ. ಒಂದು ಫೋಟೋ ಇಲ್ಲ, ಒಂದು ಗೆರೆ ಇಲ್ಲ. ಗಂಗವ್ವನಿಗೆ ಬಂದದ್ದು ತಾಯಿಯ ಮುಖವಂತೆ. ಅಪ್ಪನ ಬಗ್ಗೆ ತಾಯಿ ಹೇಳಿದ ಒಂದೇ ಗುರುತು ಅವಳ ನೆನಪಿನಲ್ಲಿತ್ತು. ಅವನ ಎಡಗಣ್ಣಿನ ರೆಪ್ಪೆ ನಿದ್ದೆಗಣ್ಣಿನಂತೆ ಅರ್ಧ ಇಳಿದಿರುತ್ತಿತ್ತು.

ಭಾವಚಿತ್ರವಿಲ್ಲದೆ ಹೆಸರು ಅಚ್ಚಾಗುವುದಿಲ್ಲ ಎಂದು ಹೇಳಲೇಬೇಕಾಯಿತು, ಹೇಳಿದೆ. ಅವಳಿಗೆ ಅದರ ಬಗ್ಗೆ ಬೇಸರವೇನೂ ಆಗಲಿಲ್ಲ.

"ಮಂದಿ ಮನ್ಯಾಗೆಲ್ಲಾ ಅವ ಬರದವ್ರು ಕುಂತಾರ. ನಮ್ಮ ಗ್ವಾಡಿಗಿ ಬರೇ ಸುಣ್ಣ ಅದ," ಎಂದಳು. "ಪುಸ್ತಕದಾಗ ಹೆಸರು ಹಾಕ್ರಿ, ಬಿಡ್ರಿ. ಮುಖ ಸಿಕ್ರ ನನಗ ಒಮ್ಮಿ ತೋರಸ್ರಿ. ಅಪ್ಪ ಅಂದ್ರ ಯಾರನ್ನ ನೆನಸಬೇಕು ಅನ್ನೂದು ನನಗ ಇನ್ನಾ ತಿಳಿದಿಲ್ಲ."

ಆ ಮಾತು ನನ್ನ ಬೆನ್ನು ಹತ್ತಿತು. ಹಳೆಯ ಸ್ಟುಡಿಯೋಗಳನ್ನು, ಶಾಲೆಗಳನ್ನು ಜಾಲಾಡಿದೆ. ಅಬ್ಬೆತುಮಕೂರಿನ ಹಿರಿಯರೊಬ್ಬರ ಬಳಿ ಮೋನಪ್ಪನಿರುವ ಗುಂಪು ಫೋಟೋ ಇದೆ ಎಂದು ಕೇಳಿ ಓಡಿದರೆ, ಗೆದ್ದಲು ತಿಂದು ಚೌಕಟ್ಟು ಉಳಿದಿತ್ತು. ಸಂಪುಟದ ಗಡುವು ಹತ್ತಿರವಾಗುತ್ತಿತ್ತು.

ಈ ನಡುವೆ ಮೋನಪ್ಪ ಬರೆದ ಚಿತ್ರಗಳು ಒಂದೊಂದಾಗಿ ಸಿಗುತ್ತಿದ್ದವು. ರುಜು ಇಲ್ಲದ ಚಿತ್ರ ಯಾರದೆಂದು ತಿಳಿಯಲು ನಾವು ಕಿವಿ, ಮೂಗಿನ ಹೊಳ್ಳೆ, ಕಣ್ಣಿನ ರೆಪ್ಪೆಗಳನ್ನು ಹೋಲಿಸುತ್ತೇವೆ. ಅಲ್ಲಿ ಬರೆಯುವವನ ಕೈ ತನ್ನ ಚಾಳಿ ಬಿಡುವುದಿಲ್ಲ. ಹಾಗೆ ಒಂದು ಮಧ್ಯಾಹ್ನ ಕಚೇರಿಯ ಕಂಪ್ಯೂಟರಿನಲ್ಲಿ ಕಣ್ಣುಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಪ್ರತಿ ಚಿತ್ರದ ಕಣ್ಣೂ ಬೇರೆ, ಎರಡನ್ನು ಬಿಟ್ಟು. ಕಕ್ಕೇರಾದ ಒಬ್ಬ ತರುಣ, ಬೋನಾಳದ ಒಬ್ಬ ಮುದುಕಿ. ಊರು ಬೇರೆ, ಜಾತಿ ಬೇರೆ, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಕಣ್ಣು ಮಾತ್ರ ಒಂದೇ. ಒಂದು ರೆಪ್ಪೆ ಅರ್ಧ ಇಳಿದಿತ್ತು.

ಗಂಗವ್ವ ಹೇಳಿದ ಗುರುತು ನೆನಪಾಯಿತು. ಮರುಕ್ಷಣ ಎಲ್ಲ ಆಸೆ ಇಳಿದುಹೋಯಿತು. ಇಳಿದದ್ದು ಬಲಗಣ್ಣಿನ ರೆಪ್ಪೆ, ಎಡಗಣ್ಣಿನದಲ್ಲ. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಆ ದಿನ ಪರದೆಯನ್ನು ಗೋಡೆ ಕಡೆ ತಿರುಗಿಸಿಯೇ ಊಟದ ಡಬ್ಬಿ ಬಿಚ್ಚಿದೆ. ಆಮೇಲೂ ಬಹಳ ದಿನ, ಬಸ್ಸಿನಲ್ಲಿ, ಬಚ್ಚಲಲ್ಲಿ, ಯಾರೋ ನಿದ್ದೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದಾರೆ ಎನಿಸುತ್ತಿತ್ತು.

ತಡೆಯಲಾರದೆ ಬೋನಾಳಕ್ಕೆ ಹೋದೆ. ಚಿತ್ರದಲ್ಲಿದ್ದವಳು ದುರ್ಗವ್ವ, ಊರಿನ ಸೂಲಗಿತ್ತಿ. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು. ಓಣಿಯವರೇ ಸೇರಿ ಅವಳ ಫೋಟೋ ಬರೆಸಿದ್ದರು. ಅದು ಇದ್ದದ್ದು ಪಕ್ಕದ ಮನೆಯ ಭೀಮವ್ವನ ಗೋಡೆಯ ಮೇಲೆ. ಭೀಮವ್ವ ದುರ್ಗವ್ವನ ಕೈಯಲ್ಲೇ ಹುಟ್ಟಿದವಳು, ಚಿತ್ರ ಬರೆಯುವಾಗ ಬಾಗಿಲಲ್ಲಿ ನಿಂತು ನೋಡಿದವಳು. ಆ ದಿನ ಎದುರಿಗೆ ಯಾರನ್ನು ಕೂಡಿಸಿದ್ದರು ಎಂದು ಕೇಳಿದೆ.

"ಯಾರ್ನ ಕುಂದ್ರಸೂದು ಯವ್ವಾ? ಅಕಿಗಿ ರಕ್ತದವ್ರು ಯಾರಿದ್ರು?" ಎಂದಳು ಭೀಮವ್ವ. "ಮೋನಪ್ಪ ಓಣಿ ಮಂದೀನ ಒಮ್ಮಿ ನೋಡಿದ. ಆಮ್ಯಾಲ ಒಂದು ಕನ್ನಡಿ ತರ್ರಿ ಅಂದ. ಯಾರೂ ಇಲ್ಲದವ್ರಿಗಿ ನಾನ ಮಗ ಅಂದ."

ಕನ್ನಡಿಯನ್ನು ಚಿತ್ರದ ಪಕ್ಕಕ್ಕಿಟ್ಟು, ತನ್ನ ಕಣ್ಣು ನೋಡಿಕೊಂಡು ದುರ್ಗವ್ವನಿಗೆ ಕಣ್ಣು ಬರೆದನಂತೆ. ಅವಳ ಮಾತು ಮುಗಿಯುವ ಮೊದಲೇ ನಾನು ಎದ್ದಿದ್ದೆ. ಗೂಡಿನಲ್ಲಿದ್ದ ಕನ್ನಡಿಯ ಮುಂದೆ ನಿಂತು ನನ್ನ ಎಡಗಣ್ಣನ್ನು ಅರ್ಧ ಮುಚ್ಚಿದೆ. ಕನ್ನಡಿಯೊಳಗಿನ ಮುಖಕ್ಕೆ ಅದು ಬಲಗಣ್ಣು.

ಕೂಡಲೇ ಸುರಪುರಕ್ಕೆ ಹೋಗಿ, ಗಂಗವ್ವನನ್ನು ಬೋನಾಳಕ್ಕೆ ಕರೆದುಕೊಂಡು ಬಂದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿದ್ದೆ. ಅವಳು ಚಿತ್ರದ ಮುಂದೆ ನಿಂತು ಅಂಗೈಯಿಂದ ದುರ್ಗವ್ವನ ಬಾಯಿ, ಮೂಗನ್ನು ಮರೆಮಾಡಿದಳು. ಕಣ್ಣಷ್ಟೇ ಉಳಿದವು.

"ಅಪ್ಪಾ, ನಾ ಗಂಗಿ," ಎಂದಳು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಅಂಗಳಕ್ಕೆ ಬಂದುಬಿಟ್ಟೆ. ತಿರುಗಿ ಒಳಗೆ ಹೋದಾಗ ಭೀಮವ್ವ ಚಿತ್ರವನ್ನು ಗೂಟದಿಂದ ಇಳಿಸಿ, ನಿನ್ನದು ನೀನು ಒಯ್ಯಿ ಎಂದು ಗಂಗವ್ವನ ಕೈಗೆ ಕೊಡುತ್ತಿದ್ದಳು. ಹುಟ್ಟಿದಾಗಿನಿಂದ ಅಪ್ಪನ ಮುಖಕ್ಕಾಗಿ ಹಂಬಲಿಸಿದವಳು ಅದನ್ನು ಎದೆಗವಚಿಕೊಂಡು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಸೆರಗಿನಿಂದ ಗಾಜು ಒರೆಸಿ, ತಾನೇ ಮತ್ತೆ ಗೂಟಕ್ಕೆ ಹಾಕಿದಳು.

"ಅವ ಅಕಿಗಿ ಕೊಟ್ಟಾನ," ಎಂದಳು. "ಕೊಟ್ಟದ್ದು ನಾ ಹ್ಯಾಂಗ ಇಸ್ಕೊಳ್ಳಲಿ?"

ಕೋಶದಲ್ಲಿ ಮೋನಪ್ಪನ ಭಾವಚಿತ್ರವಿರಬೇಕಾದ ಜಾಗಕ್ಕೆ ನಾನು ದುರ್ಗವ್ವನ ಚಿತ್ರವನ್ನೇ ಕಳಿಸಿದೆ. ಹೆಣ್ಣುಮಗಳ ಚಿತ್ರ ತಪ್ಪಿ ಬಂದಿದೆ ಎಂದು ಸಂಪಾದಕರು ಫೋನ್ ಮಾಡಿದರು. ತಪ್ಪಿಲ್ಲ, ಕಣ್ಣು ನೋಡಿ ಎಂದು ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ಆ ಹೆಸರನ್ನು ಹೊಡೆದುಹಾಕಲಿಲ್ಲ. ಹಾಗೆಯೇ ಅಚ್ಚಾಯಿತು.

ನಿವೃತ್ತಿಯಾದ ಮೇಲೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಕಲಾವಿದನನ್ನು ಹುಡುಕುವವಳು ರುಜು ಹುಡುಕಿದರೆ ಸಾಲದು, ಅವನು ಯಾರ ಬದಲಿಗೆ ಕುಳಿತಿದ್ದ ಎಂದು ಕೇಳಬೇಕೆಂಬುದನ್ನು ನನಗೆ ಈ ಕೆಲಸ ಕಲಿಸಿತು. ಇಳಿದ ರೆಪ್ಪೆಯ ಕಣ್ಣು ಆಮೇಲೂ ಅಲ್ಲಲ್ಲಿ ಕಂಡಿದೆ. ಕಂಡಾಗಲೆಲ್ಲ ಗಂಗವ್ವನಿಗೆ ಫೋನ್ ಮಾಡುತ್ತೇನೆ. ಅವಳು ಕೇಳುವುದು ಒಂದೇ, "ಯಾರರ ಊದಿನಕಡ್ಡಿ ಹಚ್ತಾರೇನ್ರಿ?"

ಹೋದ ವರ್ಷ ಶಹಾಪುರದ ಒಂದು ಸಂದಿಯಲ್ಲಿ, ಬೀಗ ಹಾಕಿ ಎಷ್ಟೋ ಕಾಲವಾದ ಮನೆಯೊಂದರ ಕಿಟಕಿಯಿಂದ ಒಳಗೆ ಇಣುಕಿದೆ. ಜೇಡರ ಬಲೆಯ ಹಿಂದಿನಿಂದ ಒಬ್ಬ ಪೇಟಾ ಸುತ್ತಿದ ಮುದುಕ ಅದೇ ನಿದ್ದೆಗಣ್ಣಿನಿಂದ ನನ್ನನ್ನು ನೋಡಿದ. ಫೋನ್ ಮಾಡಿದಾಗ ಗಂಗವ್ವ ಎಂದಿನಂತೆ ಕೇಳಿದಳು. ಇಲ್ಲ, ಇಲ್ಲಿ ಯಾರೂ ಇಲ್ಲ ಎಂದೆ. ಅವಳು ಮನೆಯ ಗುರುತು ಕೇಳಿಕೊಂಡು ಫೋನ್ ಇಟ್ಟಳು.

ಮುಂದಿನ ಸಲ ಅದೇ ಸಂದಿಯಲ್ಲಿ ಹಾದುಹೋದಾಗ, ಕಿಟಕಿಯ ಸರಳಿನ ಬುಡದಲ್ಲಿ ಉರಿದ ಊದಿನಕಡ್ಡಿಗಳ ತುಂಡುಗಳಿದ್ದವು. ಒಂದರಿಂದ ಇನ್ನೂ ಸಣ್ಣಗೆ ಹೊಗೆ ಏಳುತ್ತಿತ್ತು.